ಗಾಡಿಯ ಹಿಂದೆ ನಿಂತವಳು

ಆ ಮನೆಯಲ್ಲಿ ಬೆಳಿಗ್ಗೆ ಏಳೂವರೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತಿತ್ತು. ಅಂಗಳದಲ್ಲಿ ನಿಂತ ಪಿಕಪ್ ಗಾಡಿಯ ಸೀಟಿನಲ್ಲಿ ಕೂತು ಡ್ರೈವರ್ ಬ್ರೇಕ್ ತುಳಿದು "ಬಂತಾ?" ಎಂದು ಕೂಗುವನು. ಹಿಂದೆ ನಿಂತ ಅವನ ಹೆಂಡತಿ ಎರಡು ಕೆಂಪು ದೀಪಗಳನ್ನೂ ನೋಡಿ "ಬಂತು" ಅನ್ನುವಳು. ಆಮೇಲೆ ಗಾಡಿ ಗೇಟು ದಾಟುವುದು. ಗಾಡಿಯ ತುಂಬ ಗಾಜು, ಕನ್ನಡಿ. ಬ್ರೇಕ್ ಹಾಕಿದ್ದು ತಿಳಿಯದೆ ಹಿಂದಿನವನು ಬಂದು ಗುದ್ದಿದರೆ ವಾರದ ದುಡಿಮೆ ರಸ್ತೆಯಲ್ಲಿ ಚೂರಾಗಿ ಬಿದ್ದಿರುತ್ತದೆ. ತುಳಿಯುವವನಿಗೆ ಹಿಂದಿನ ದೀಪ ಕಾಣುವುದಿಲ್ಲ. ನೋಡೋಣವೆಂದು ಕಾಲೆತ್ತಿ ಇಳಿದರೆ ದೀಪ ಆರಿರುತ್ತದೆ. ಅದಕ್ಕೇ ಹನ್ನೊಂದು ವರ್ಷದಿಂದ ಅವಳು ಅಲ್ಲಿ ನಿಲ್ಲುತ್ತಿದ್ದಳು.

ಅವಳ ಅಡುಗೆಗೆ ಅತ್ತೆ ಹೆಸರಿಡುತ್ತಿದ್ದರು, ಒಗೆದ ಬಟ್ಟೆಗೆ ಹೆಸರಿಡುತ್ತಿದ್ದರು, ಕಸ ಗುಡಿಸಿದ ಮೂಲೆಗೆ ಇನ್ನೊಮ್ಮೆ ಪೊರಕೆ ಹಾಕುತ್ತಿದ್ದರು. ಆ ಒಂದು ಮಾತನ್ನು ಮಾತ್ರ ಯಾರೂ ಎರಡನೇ ಸಲ ಕೇಳಿದ್ದಿಲ್ಲ. ಅವಳು ಬಂತು ಅಂದರೆ ಬಂತು, ಇಲ್ಲ ಅಂದರೆ ಇಲ್ಲ.

ಮನೆಯಲ್ಲಿ ಇದ್ದದ್ದು ಅತ್ತೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ದೊಡ್ಡವಳ ಒಂಬತ್ತು ವರ್ಷದ ಮಗಳು. ಮನೆಯ ಮುಂಭಾಗದಲ್ಲೇ ಎರಡು ಶಟರಿನ ಗಾಜಿನ ಅಂಗಡಿ. ಚಿಕ್ಕ ಮಗ ಗಾಜು ಕತ್ತರಿಸುತ್ತಿದ್ದ, ಡ್ರೈವರ್ ಅಂದರೆ ದೊಡ್ಡವನೇ, ಅದನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಮುಟ್ಟಿಸುತ್ತಿದ್ದ. ಚಿಕ್ಕ ಸೊಸೆ ಬಂದು ಮೂರು ತಿಂಗಳಾಗಿತ್ತು. ಅವಳ ಅಪ್ಪ ಗಾಡಿಗಳ ವೈರಿಂಗ್ ಮಾಡುವವನು. ಬಟ್ಟೆಯ ಪೆಟ್ಟಿಗೆಯ ಜೊತೆಗೆ ಅವಳು ಟೆಸ್ಟರ್, ಇಕ್ಕಳ, ಟೇಪು ತುಂಬಿದ ಒಂದು ಚೀಲವನ್ನೂ ತಂದಿದ್ದಳು. ಅದನ್ನು ಕಂಡು ದೊಡ್ಡವಳು ಮೊದಲು ನಕ್ಕಿದ್ದಳು.

ಒಂದು ಬೆಳಿಗ್ಗೆ "ಬಂತಾ?" ಎಂದಾಗ ದೊಡ್ಡವಳು "ಬರ್ಲಿಲ್ಲ" ಅಂದಳು. ನಿಜವಾಗಿಯೂ ಬಂದಿರಲಿಲ್ಲ. ಡ್ರೈವರ್ ಬಲ್ಬ್ ಬದಲಿಸಿದ. ಬರಲಿಲ್ಲ. ಫ್ಯೂಸ್ ತೆಗೆದು ನೋಡಿದ, ಸುಟ್ಟಿರಲಿಲ್ಲ. ಕೊನೆಗೆ ಲೈಟಿನ ಡಬ್ಬಿಗೆ ಅಂಗೈಯಿಂದ ಎರಡೇಟು ಹಾಕಿದ.

"ಹೊಡೆದ್ರೆ ಬರೋಕೆ ಅದೇನು ಹಳೇ ರೇಡಿಯೋನಾ ಭಾವ?" ಎನ್ನುತ್ತ ಚಿಕ್ಕವಳು ಹೊರಬಂದಳು. "ಹಿಂದಿನ ಬೇರೆ ಲೈಟೆಲ್ಲ ಬರುತ್ತಾ?"

"ಬರುತ್ತಮ್ಮ. ಬ್ರೇಕಿಂದು ಮಾತ್ರ ಇಲ್ಲ. ಎರಡೂ ಕಡೆ ಇಲ್ಲ."

"ಎರಡೂ ಒಟ್ಟಿಗೆ ಸತ್ತಿದ್ರೆ ಬಲ್ಬ್ ಅಲ್ಲ. ಪೆಡಲ್ ಹತ್ರ ಒಂದು ಸ್ವಿಚ್ ಇರುತ್ತೆ, ಅದನ್ನ ನೋಡ್ಬೇಕು. ಅಕ್ಕಾ, ನಿಮ್ಮ ಹೇರ್‌ಪಿನ್ ಒಂದು ಕೊಡಿ."

ದೊಡ್ಡವಳು ತಲೆಯಿಂದ ಪಿನ್ ಕಿತ್ತು ಕೊಟ್ಟಳು. ಚಿಕ್ಕವಳು ಪೆಡಲಿನ ಮೇಲ್ಗಡೆ ತಲೆ ತೂರಿಸಿ, ಸ್ವಿಚ್ಚಿನ ವೈರು ಬಿಚ್ಚಿ, ಅದರ ಎರಡು ತುದಿಗಳ ನಡುವೆ ಆ ಪಿನ್ ಸಿಕ್ಕಿಸಿದಳು. ಹಿಂದೆ ಎರಡೂ ದೀಪಗಳು ಜಗ್ಗನೆ ಹೊತ್ತಿಕೊಂಡವು.

"ಸ್ವಿಚ್ಚೇ ಹೋಗಿದೆ ಭಾವ. ವೈರೆಲ್ಲ ಸರಿಯಾಗಿದೆ."

ಅರ್ಧ ಗಂಟೆಯಲ್ಲಿ ಹೊಸ ಸ್ವಿಚ್ ಬಂತು, ಹತ್ತು ನಿಮಿಷದಲ್ಲಿ ಕೂತಿತು. ಅತ್ತೆ ಬಾಗಿಲಲ್ಲಿ ನಿಂತು "ಅಬ್ಬಾ! ವರ್ಕ್‌ಶಾಪಿನವನಾಗಿದ್ರೆ ಎರಡು ದಿನ ಅಲೆಸ್ತಿದ್ದ" ಎಂದರು. ಪಿನ್ನು ದೊಡ್ಡವಳ ಕೈಗೆ ವಾಪಸ್ ಬಂದಾಗ ಅದರ ಬಣ್ಣ ಕೆರೆದುಹೋಗಿತ್ತು. ಅವಳು ಅದನ್ನು ಮತ್ತೆ ಮುಡಿಯಲಿಲ್ಲ.

ಆವತ್ತು ಸಂಜೆ ಚಹಾ ಸೋಸುವಾಗ ಅತ್ತೆ ಹಾಲಿನ ಕೆನೆಯನ್ನು ಚಮಚದಲ್ಲಿ ಎತ್ತಿ ಚಿಕ್ಕವಳ ಲೋಟಕ್ಕೆ ಹಾಕಿದರು. ಕೆನೆ ಅಂದರೆ ಆ ಮನೆಯಲ್ಲಿ ಬಹುಮಾನ. ದೊಡ್ಡವಳಿಗೆ ಅದು ಸಿಕ್ಕಿದ್ದು ಮಗಳು ಹುಟ್ಟಿದ ವರ್ಷ, ಅದೂ ಡಾಕ್ಟರು ಹೇಳಿದ್ದರಿಂದ.

ಅಲ್ಲಿಂದ ಶುರುವಾಯಿತು. ಗಾಡಿಯಲ್ಲಿ ಏನು ಸದ್ದು ಬಂದರೂ ಡ್ರೈವರ್ "ನೋಡಮ್ಮಾ, ಇಲ್ಲೊಂದು ಕಿಣಿಕಿಣಿ ಅಂತಿದೆ" ಅನ್ನತೊಡಗಿದ. ಊಟಕ್ಕೆ ಕೂತರೆ ಬ್ಯಾಟರಿ, ಹಾರನ್ನು, ರಿಲೇ. ಹನ್ನೊಂದು ವರ್ಷ ಅನ್ನದ ತಟ್ಟೆಯ ಮುಂದೆ ಉಪ್ಪು ಕಡಿಮೆ, ಖಾರ ಜಾಸ್ತಿ ಬಿಟ್ಟರೆ ಮಾತಿಲ್ಲದ ಗಂಡಸು ಈಗ ಕೈ ಒಣಗಿದರೂ ಏಳುತ್ತಿರಲಿಲ್ಲ. ದೊಡ್ಡವಳು ಬಡಿಸುತ್ತ ನಿಂತಿರುತ್ತಿದ್ದಳು. ಅವರ ಮಾತಿನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಉರಿ.

"ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ," ಎಂದಳು ಒಂದು ದಿನ, ಪಾತ್ರೆ ತಿಕ್ಕುತ್ತ, ಯಾರಿಗೂ ಅಲ್ಲದ ಹಾಗೆ.

"ಒಗೀಲಿ ಬಿಡು," ಎಂದರು ಅತ್ತೆ. "ಎತ್ತದೇ ಒಗೆದೋರ ಬಟ್ಟೇನೂ ನೋಡಿದೀನಿ."

ಮಗಳು ಶಾಲೆಯಿಂದ ಬಂದವಳೇ "ಅಮ್ಮಾ, ಚಿಕ್ಕಮ್ಮ ನಂಗೆ ಟೆಸ್ಟರ್ ಹಿಡಿಯೋದು ಕಲಿಸ್ತಾರಂತೆ!" ಎಂದು ಚೀಲ ಎಸೆದು ಓಡಿದಳು. ಗಂಡ ಹೋದ, ಅತ್ತೆ ಹೋದರು, ಈಗ ಹೊಟ್ಟೆಯಲ್ಲಿ ಹುಟ್ಟಿದ್ದೂ ಹೋಯಿತು ಅನ್ನಿಸಿತು ದೊಡ್ಡವಳಿಗೆ.

ಎಲ್ಲದಕ್ಕಿಂತ ಮೇಲಿನದು ಮುಂದಿನ ಭಾನುವಾರ ಊಟದ ಹೊತ್ತಿಗೆ ಬಂತು. ಮೈದುನ ಮೊಟ್ಟೆ ಸುಲಿಯುತ್ತ, "ಅಣ್ಣಾ, ಎರಡನೇ ಶಟರಿನ ಕಡೆ ಮೂಲೆ ಖಾಲಿ ಇದೆಯಲ್ಲ. ಇವಳು ಅಲ್ಲೊಂದು ಮೇಜು ಹಾಕ್ಕೊಂಡು ಗಾಡಿಗಳ ಲೈಟು ವೈರಿಂಗು ರಿಪೇರಿ ಮಾಡ್ತೀನಿ ಅಂತಾಳೆ," ಎಂದ.

"ಮಾಡ್ಲಿ. ಒಳ್ಳೇದೇ ಆಯ್ತು," ಎಂದ ಡ್ರೈವರ್. ಅಷ್ಟೇ. ಒಂದು ಮೊಟ್ಟೆ ಸುಲಿಯುವಷ್ಟರಲ್ಲಿ ಮಾತು ಮುಗಿದಿತ್ತು.

ದೊಡ್ಡವಳ ಕೈಯಲ್ಲಿ ಅನ್ನದ ಸೌಟು ನಿಂತಿತು. ಆರು ವರ್ಷದ ಹಿಂದೆ ಅದೇ ಮೂಲೆಯನ್ನು ಅವಳು ಹೊಲಿಗೆ ಮಿಷನ್ನಿಗೆ ಕೇಳಿದ್ದಳು. ಆಗ ಅತ್ತೆ "ಗಾಜಿನ ಅಂಗಡೀಲಿ ಬಟ್ಟೆ ದಾರ ಹರಡೋದಾ?" ಅಂದಿದ್ದರು. ಗಂಡ "ಜಾಗ ಎಲ್ಲಿದೆ?" ಅಂದಿದ್ದ. ಮಿಷನ್ನು ಇಂದಿಗೂ ಮಂಚದ ಕೆಳಗೆ ಹಳೆ ಸೀರೆ ಹೊದ್ದು ಕೂತಿತ್ತು.

"ಆ ಮೂಲೇಲಿ ಜಾಗ ಇರ್ಲಿಲ್ಲ ಅಲ್ವಾ?" ಎಂದಳು.

"ಯಾವಾಗ?" ಎಂದ ಗಂಡ. ಅವನಿಗೆ ನೆನಪೇ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಎಲ್ಲರೂ ಆಡುವ ಮಾತು. ಆವತ್ತು ದೊಡ್ಡವಳಿಗೆ ಅದು ತನ್ನನ್ನು ನೋಡಿಯೇ ಯಾರೋ ಹೇಳಿದ ಮಾತಿನಂತೆ ಕಂಡಿತು.

ಮರುದಿನ ಬೆಳಿಗ್ಗೆ ಗಂಡ ಬ್ರೇಕ್ ತುಳಿದು "ಬಂತಾ?" ಎಂದ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರದೆ "ಬರದೆ ಏನು, ಇಂಜಿನಿಯರಮ್ಮ ಹಾಕಿದ್ದು!" ಎಂದು ನಕ್ಕ. ದೊಡ್ಡವಳ ಕಣ್ಣ ಮುಂದೆ ಎರಡು ದೀಪಗಳೂ ಕೆಂಪಗೆ ಉರಿಯುತ್ತಿದ್ದವು.

"ಬರ್ಲಿಲ್ಲ," ಎಂದಳು.

ಹೇಳಿದ ಮೇಲೆ ತಾನೇ ಬೆಚ್ಚಿದಳು. ಚಿಕ್ಕವಳು ಒದ್ದೆ ಕೈಯಲ್ಲೇ ಓಡಿಬಂದಳು. ಅವಳು ಹಿಂದಕ್ಕೆ ಬರುವಷ್ಟರಲ್ಲಿ ದೊಡ್ಡವಳು "ಈಗ ಬಂತು ನೋಡು" ಅಂದಳು.

"ಬಂದು ಹೋಗ್ತಿದೆಯಾ ಅಕ್ಕಾ?"

"ನಂಗೇನು ಗೊತ್ತು. ಕಂಡಿದ್ದು ಹೇಳ್ದೆ."

ಎರಡು ದಿನ ಬಿಟ್ಟು ಮತ್ತೆ ಅಂದಳು. ಎರಡನೆಯ ಸಲ ಸಲೀಸಾಗಿ ಬಂತು. ಹೀಗೆ ಎರಡು ವಾರದಲ್ಲಿ ಐದು ಸಲ. ಪ್ರತಿ ಸಲವೂ ಚಿಕ್ಕವಳು ಬಾತ್‌ರೂಮಿನಲ್ಲೋ ಅಂಗಡಿಯಲ್ಲೋ ಇರುವಾಗ.

ಇಲ್ಲದ ರೋಗಕ್ಕೆ ಮದ್ದು ಹುಡುಕುವುದು ಎಷ್ಟು ಕಷ್ಟ ಎಂದು ಚಿಕ್ಕವಳನ್ನು ಕೇಳಬೇಕು. ಪೆಡಲಿನ ಮೇಲೆ ಇಟ್ಟಿಗೆ ಇಟ್ಟು ಹಿಂದೆ ಹೋಗಿ ಅರ್ಧ ಗಂಟೆ ನಿಂತಳು; ದೀಪ ಕಣ್ಣು ಮಿಟುಕಿಸಲಿಲ್ಲ. ಫೋನಿನಲ್ಲಿ ಅಪ್ಪನನ್ನು ಕೇಳಿದಳು. "ಬಂದು ಹೋಗೋ ಫಾಲ್ಟ್ ಅಂದ್ರೆ ಅರ್ತ್ ನೋಡು ಮಗಳೇ" ಎಂದ ಅಪ್ಪ. ಅರ್ತ್ ವೈರಿನ ಬೋಲ್ಟು ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದಳು. "ಬರ್ಲಿಲ್ಲ" ಎಂದಳು ದೊಡ್ಡವಳು. ಬೆಳಗಿನ ಇಬ್ಬನಿಗೆ ಹೀಗಾಗುತ್ತದೇನೋ ಎಂದು ಡ್ರೈವರ್ ಒಂದು ಸಿದ್ಧಾಂತ ಹೂಡಿದ. ಚಿಕ್ಕವಳು ದಿನಾ ಸಂಜೆ ಹಿಂದಿನ ಲೈಟುಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದಳು. ಮುಂದಿನಿಂದ ಹಿಂದಿನವರೆಗೆ ವೈರಿನ ಟೇಪೆಲ್ಲ ಬಿಚ್ಚಿ ಗೇಣು ಗೇಣು ತಡವಿ ನೋಡಿದಳು. ಬೆರಳ ತುದಿಗಳು ಸೀಳಿದವು.

ಅತ್ತೆಯ ರಾಗ ಬದಲಾಯಿತು. "ಅರ್ಧಂಬರ್ಧ ಕಲಿತೋರ ಕೈಗೆ ಗಾಡಿ ಕೊಟ್ರೆ ಹೀಗೇ. ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ, ಇವಳು ಇಬ್ಬನಿ ಅಂತಾಳೆ."

"ಇಬ್ಬನಿ ಅಂದಿದ್ದು ನಾನಲ್ಲ ಅತ್ತೆ, ಭಾವ."

"ಎದುರುತ್ತರ ಬೇರೆ!"

ಮೈದುನ ಮೆತ್ತಗಿನ ಮನುಷ್ಯ. ಅವನೂ "ಯಾಕಾದ್ರೂ ಕೈ ಹಾಕ್ದೆಯೇ" ಎಂದು ಹೆಂಡತಿಗೆ ಅಂದದ್ದು ಗೋಡೆಯಾಚೆ ಕೇಳಿಸಿತು. ಡ್ರೈವರ್ ಊಟದ ಮುಂದೆ ಮತ್ತೆ ಮೂಕನಾದ. ಒಂದು ದಿನ ಕೈ ತೊಳೆಯುತ್ತ "ಆ ಮೂಲೆ ವಿಷಯ ಸದ್ಯಕ್ಕೆ ಬೇಡ. ಮನೆ ಗಾಡೀನೇ ಸರಿಹೋಗ್ಲಿಲ್ಲ, ಜನ ಏನಂತಾರೆ" ಎಂದ. ಚಿಕ್ಕವಳು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಳು.

ಆ ಸಂಜೆ ಕೆನೆ ದೊಡ್ಡವಳ ಲೋಟಕ್ಕೆ ಬಿತ್ತು. ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ಇಳಿಯಿತು. ಲೋಟದ ಅಂಚಿಗೆ ಅಂಟಿದ್ದನ್ನೂ ಬೆರಳಿನಿಂದ ತೆಗೆದು ತಿಂದಳು. ಆದರೆ ಪಾತ್ರೆ ತೊಳೆಯಲು ಕೂತಾಗ ಪಕ್ಕದಲ್ಲಿ ಚಿಕ್ಕವಳು ಸೀಳಿದ ಬೆರಳುಗಳನ್ನು ಸೋಪಿನ ನೀರಿಗೆ ಅದ್ದಿ ಹಲ್ಲು ಕಚ್ಚಿದ್ದು ಕಂಡಿತು.

"ಬಿಡು, ನಾನು ತೊಳೀತೀನಿ," ಎಂದಳು.

"ಪರವಾಗಿಲ್ಲ ಅಕ್ಕಾ. ನೀವು ನೋಡಿ ಹೇಳ್ತಿರೋದ್ರಿಂದ ಭಾವ ಉಳಕೊಂಡಿದಾರೆ. ಇಲ್ದಿದ್ರೆ ನನ್ನ ಮಾತು ನಂಬಿ ಹೋಗಿ ಏನಾದ್ರೂ ಆಗಿದ್ರೆ?"

ಬಾಯಲ್ಲಿಟ್ಟ ಬಿಸಿತುಪ್ಪ ಅಂತಾರಲ್ಲ, ನುಂಗಲೂ ಆಗದು, ಉಗುಳಲೂ ಆಗದು. ದೊಡ್ಡವಳು ಒಂದು ಪಾತ್ರೆಯನ್ನು ಎರಡು ಸಲ ತೊಳೆದಳು.

ಆ ಗುರುವಾರ ಹೇರ್ ಕಟಿಂಗ್ ಶಾಪಿನವರಿಗೆ ಮಾಡಿಕೊಟ್ಟಿದ್ದ ಆಳೆತ್ತರದ ಕನ್ನಡಿಯೊಂದು ಅಳತೆ ಎರಡು ಬೆರಳು ಹೆಚ್ಚಾಗಿದೆಯೆಂದು ವಾಪಸ್ ಬಂತು. ಅಂಗಳದ ಹಿಂಗೋಡೆಗೆ ಒರಗಿಸಿ ಹಳೆ ಕಂಬಳಿ ಹೊದಿಸಿಟ್ಟರು. ಆ ಮನೆಯವರಿಗೆ ಕನ್ನಡಿಯೆಂದರೆ ಕಲ್ಲು ಇಟ್ಟಿಗೆಯಿದ್ದ ಹಾಗೆ. ಹಾಯ್ದುಹೋಗುವಾಗ ಕೈ ಕುಯ್ಯದಂತೆ ನೋಡುತ್ತಿದ್ದರೇ ಹೊರತು ಮುಖ ನೋಡಿಕೊಳ್ಳುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿದೆಯೆಂದು ಅತ್ತೆ ಕಂಬಳಿಯನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ನೆನೆಹಾಕಿದರು.

ಡ್ರೈವರ್ ಸೀಟು ಹತ್ತಿದ. "ಇವತ್ತೇ ಕೊನೆ. ಇವತ್ತು ಬರ್ಲಿಲ್ಲ ಅಂದ್ರೆ ವರ್ಕ್‌ಶಾಪಿಗೆ ಬಿಟ್ಟು ವೈರಿಂಗೆಲ್ಲ ಕಿತ್ತು ಹೊಸದು ಹಾಕಿಸ್ತೀನಿ."

"ಒಂದು ನಿಮಿಷ ಭಾವ," ಎಂದು ಚಿಕ್ಕವಳು ತೆರೆದ ಬಾಗಿಲ ಬಳಿ ಮಂಡಿಯೂರಿ, ಟೆಸ್ಟರ್ ಹಿಡಿದು ಪೆಡಲಿನ ಮೇಲ್ಗಡೆ ತಲೆ ತೂರಿಸಿದಳು. "ಈಗ ತುಳೀರಿ."

ದೊಡ್ಡವಳು ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದು ತನ್ನ ಜಾಗದಲ್ಲಿ ನಿಂತಳು. ದೀಪಗಳು ಹೊತ್ತಿದವು. ವೈರೆಲ್ಲ ಕಿತ್ತು ಹಾಕಿದರೆ ಆ ಚೀಲ, ಆ ಮೂಲೆಯ ಮೇಜು ಎಲ್ಲವೂ ಮುಗಿದಂತೆ. ಇನ್ನು ಒಂದೇ ಮಾತು ಸಾಕಿತ್ತು.

"ಬಂತಾ?"

"ಬರ್ಲಿಲ್ಲ."

"ಇಲ್ಲಿ ಕರೆಂಟ್ ಹೋಗ್ತಿದೆಯಲ್ಲ!" ಎಂದಿತು ಪೆಡಲಿನ ಬಳಿಯಿಂದ ಚಿಕ್ಕವಳ ದನಿ.

ಡ್ರೈವರ್ ಗಾಡಿಯ ಪಕ್ಕದ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದ.

"ಇನ್ನೊಂದ್ಸಲ ನೋಡಿ ಹೇಳು," ಎಂದ.

ಹನ್ನೊಂದು ವರ್ಷದಲ್ಲಿ ಎರಡನೇ ಸಲ ಕೇಳಿದ್ದು ಅದೇ ಮೊದಲು. "ಬರ್ಲಿಲ್ಲ ಅಂದ್ನಲ್ಲ!"

"ಹಿಂದೆ ತಿರುಗು."

ತಿರುಗಿದಳು. ಗೋಡೆಗೊರಗಿದ ಕನ್ನಡಿಯಲ್ಲಿ ಗಾಡಿಯ ಹಿಂಭಾಗ ಪೂರ್ತಿ ಇತ್ತು. ಎಡಕ್ಕೊಂದು, ಬಲಕ್ಕೊಂದು ಕೆಂಪು ದೀಪ. ಎರಡರ ನಡುವೆ ಸೆರಗು ಹಿಡಿದುಕೊಂಡು ನಿಂತ ಅವಳು. ತನ್ನ ಮುಖ ಹಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಚಿಕ್ಕವಳು ಟೆಸ್ಟರ್ ಹಿಡಿದೇ ಎದ್ದು ಬಂದು ದೀಪ ನೋಡಿದಳು, ಕನ್ನಡಿ ನೋಡಿದಳು, ಅಕ್ಕನನ್ನು ನೋಡಿದಳು. ನಲ್ಲಿಯ ಹತ್ತಿರ ಅತ್ತೆ "ಏನಾಯ್ತೇ? ಯಾಕೆ ಎಲ್ಲರೂ ಗರ ಬಡಿದೋರ ಹಾಗೆ ನಿಂತಿದೀರಿ?" ಎಂದರು.

"ಏನಿಲ್ಲ ಅತ್ತೆ," ಎಂದಳು ಚಿಕ್ಕವಳು. "ಎಲ್ಲೋ ಲೂಸಿತ್ತು. ಬಿಗಿ ಮಾಡ್ದೆ. ಈಗ ಬಂತು."

ದೊಡ್ಡವಳಿಗೆ ಆಗ ಉರಿದಷ್ಟು ಯಾವತ್ತೂ ಉರಿದಿರಲಿಲ್ಲ. ಗಂಡನ ಮಾತು ತಗೊಂಡಳು, ಕೆನೆ ತಗೊಂಡಳು, ಮೂಲೆ ತಗೊಂಡಳು. ಈಗ ದೊಡ್ಡತನವನ್ನೂ ಇವಳೇ ತಗೊಳ್ಳುವುದಾ? ಇವಳ ಕರುಣೆಯ ಸೆರಗಿನಡಿ ನಾನು ಬದುಕಬೇಕಾ?

"ಲೂಸೂ ಇರ್ಲಿಲ್ಲ, ಏನೂ ಇರ್ಲಿಲ್ಲ!" ಎಂದು ಕೂಗಿದಳು. "ದಿನಾ ಬರ್ತಿತ್ತು. ಸ್ವಿಚ್ ಹಾಕಿದ ದಿನದಿಂದ ಒಂದು ದಿನಾನೂ ತಪ್ಪಿಲ್ಲ. ನಾನೇ ಬರ್ಲಿಲ್ಲ ಅಂದೆ. ಐದು ಸಲ ಅಂದೆ, ಇವತ್ತಿಂದೂ ಸೇರಿ ಆರು."

ಅತ್ತೆಯ ಕೈಯಿಂದ ಕಂಬಳಿ ಜಾರಿತು. "ಅಯ್ಯೋ ನಿನ್ನ! ಯಾಕೇ?"

"ಹೊಟ್ಟೆಕಿಚ್ಚಿಗೆ! ಇನ್ನೇನಕ್ಕೆ? ಆರು ವರ್ಷದ ಹಿಂದೆ ನಂಗಿಲ್ಲದ ಜಾಗ ಇವಳಿಗೆ ಮೊಟ್ಟೆ ಸುಲಿಯೋದ್ರಲ್ಲಿ ಹುಟ್ಟಿಕೊಳ್ತು. ನನ್ನ ಮಿಷನ್ನು ಮಂಚದ ಕೆಳಗೆ ತುಕ್ಕು ಹಿಡೀತಿದೆ. ಹನ್ನೊಂದು ವರ್ಷ ಈ ಗಾಡಿ ಹಿಂದೆ ನಿಂತೆ. ಬಾ, ಒಂದು ದಿನ ಮುಂದೆ ಕೂತ್ಕೋ ಅಂತ ಯಾರಾದ್ರೂ ಅಂದ್ರಾ?"

ಡ್ರೈವರ್ ಇಳಿದು ಬಂದ. ದೀಪ ಆರಿತು. ಅವನು ಕೂಗಲಿಲ್ಲ.

"ನಾನು ಯಾವತ್ತೂ ಇಳಿದು ನೋಡಿಲ್ಲ," ಎಂದ. "ನೀನು ಬಂತು ಅಂದ್ರೆ ಹೋದೆ. ಇಷ್ಟು ವರ್ಷ ನಿನ್ನ ಬಾಯಿಮಾತಿನ ಮೇಲೆ ರಸ್ತೇಲಿ ಓಡಾಡಿದೀನಿ. ನೀನು ಹಿಂದೆ ನಿಂತಿದ್ದೆ ಅಂತೀಯ."

ಸೀಟು ಹತ್ತಿ ಹೊರಟ. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಎರಡೂ ದೀಪಗಳು ಹೊತ್ತಿದ್ದನ್ನು ಅವಳು ಗೇಟಿನಲ್ಲಿ ನಿಂತು ನೋಡಿದಳು. ಹೇಳಲು ಯಾರೂ ಇರಲಿಲ್ಲ.

ಎರಡು ದಿನದ ಮೇಲೆ ಮೈದುನ ಆ ಕನ್ನಡಿಯನ್ನು ಅಡ್ಡಕ್ಕೆ ಕೊಯ್ದು, ಒಂದು ಅಗಲದ ಪಟ್ಟಿ ತೆಗೆದು ಅಂಗಳದ ಹಿಂಗೋಡೆಗೆ ಅಂಟಿಸಿದ. ಹಾಗೆ ಮಾಡಲು ಅಣ್ಣ ಹೇಳಿದ್ದ. ಅಂದಿನಿಂದ ಡ್ರೈವರ್ ಸೀಟಿನಲ್ಲಿ ಕೂತು, ಬ್ರೇಕ್ ತುಳಿದು, ಹಿಂದಿನ ಕನ್ನಡಿಯಲ್ಲಿ ತಾನೇ ನೋಡಿಕೊಂಡು ಹೊರಟುಹೋಗುತ್ತಿದ್ದ. ಏಳೂವರೆಗೆ ಆ ಮನೆಯಲ್ಲಿ ಈಗ ಮಾತಿರಲಿಲ್ಲ. ದೊಡ್ಡವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಬ್ರೇಕಿನ ಸದ್ದು ಕೇಳುತ್ತಿದ್ದಳು. ಗೋಡೆಗಂಟಿದ ಒಂದು ತುಂಡು ಗಾಜಿನ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಅವಳಿಗೆ ಆಗ ತಿಳಿಯಿತು.

ಮೂಲೆ ಚಿಕ್ಕವಳಿಗೇ ಸಿಕ್ಕಿತು. ಮೇಜು ಬಂದ ದಿನ ಅವಳು ಟೇಪು ಹಿಡಿದು ಅಳೆಯುತ್ತಿದ್ದವಳು ಒಳಗೆ ಬಂದಳು.

"ಅಕ್ಕಾ, ನಿಮ್ಮ ಮಿಷನ್ನು ಎಷ್ಟು ಅಗಲ?"

"ಯಾಕೆ? ಭಿಕ್ಷೆ ಹಾಕ್ತೀಯಾ?"

"ನಂಗೆ ಒಂದೂವರೆ ಅಡಿ ಸಾಕು. ಉಳಿದಿದ್ದು ಖಾಲಿ ಇದ್ರೆ ಅತ್ತೆ ಈರುಳ್ಳಿ ಮೂಟೆ ತಂದಿಡ್ತಾರೆ. ಈರುಳ್ಳಿಗಿಂತ ನೀವು ವಾಸಿ." ಆಮೇಲೆ ಮುಖ ಬಿಗಿದುಕೊಂಡು, "ನಂಗೂ ಕೋಪ ಹೋಗಿಲ್ಲ ಅಕ್ಕಾ. ನನ್ನ ಬೆರಳು ನೋಡಿ. ಅಗಲ ಎಷ್ಟು ಹೇಳಿ," ಎಂದಳು.

ಆ ಕೋಪ ಕಂಡು ದೊಡ್ಡವಳಿಗೆ ಉಸಿರು ಹಗುರವಾಯಿತು. ಮಂಚದ ಕೆಳಗೆ ಬಗ್ಗಿ ಮಿಷನ್ನನ್ನು ಎಳೆದಳು.

ಇನ್ನೊಂದು ವಾರ ಕಳೆಯಿತು. ಮುಂದಿನ ರಸ್ತೆ ಅಗೆಯುತ್ತಿದ್ದರು. ಅಂಗಳದ ತುಂಬ ಧೂಳು. ಬೆಳಿಗ್ಗೆ ಡ್ರೈವರ್ ಬ್ರೇಕ್ ತುಳಿದು ಹಿಂದೆ ನೋಡಿದರೆ ಗೋಡೆಯ ಕನ್ನಡಿ ಗೋಡೆಯ ಬಣ್ಣಕ್ಕೇ ತಿರುಗಿತ್ತು. ಹಳೆ ರೂಢಿಯಲ್ಲಿ ಬಾಯಿ ತಪ್ಪಿ "ಬಂತಾ?" ಅಂದುಬಿಟ್ಟ.

ಅಂಗಳದಲ್ಲಿ ಇಬ್ಬರೂ ಇದ್ದರು. ಚಿಕ್ಕವಳು ಗಾಡಿಯ ಹಿಂದೆಯೇ ಸ್ಕ್ರೂ ಡಬ್ಬಿ ಹಿಡಿದು ಕೂತಿದ್ದಳು. ಅವಳು ತಲೆಯೆತ್ತಿ ದೀಪ ನೋಡಿ, ಬಾಯಿ ತೆರೆದು, ಮತ್ತೆ ಮುಚ್ಚಿ ಡಬ್ಬಿಯೊಳಗೆ ಕಣ್ಣು ನೆಟ್ಟಳು. ಬಟ್ಟೆ ಹರವುತ್ತಿದ್ದ ದೊಡ್ಡವಳು ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಗೇ ಹಾಕಿಕೊಂಡು ಬಂದು ನೋಡಿದಳು.

"ಎಡಗಡೇದು ಬಂತು. ಬಲಗಡೇದು ಬರ್ಲಿಲ್ಲ."

ಡ್ರೈವರ್ ಇಳಿದ. ಇಳಿದ ಕೂಡಲೇ ಎರಡೂ ಆರಿದವು. ಆರಿದ ದೀಪಗಳನ್ನು ಸ್ವಲ್ಪ ಹೊತ್ತು ನೋಡಿದ. ಗೋಡೆಯ ಹತ್ತಿರ ಹೋಗಿ ತೋಳಿನಿಂದ ಕನ್ನಡಿಯ ಧೂಳು ಒರೆಸಿದ. ಮತ್ತೆ ಹತ್ತಿ ತುಳಿದು, ಒಂಟಿ ದೀಪವನ್ನು ತಾನೇ ನೋಡಿಕೊಂಡು "ಹೂಂ" ಎಂದ. ದೊಡ್ಡವಳ ಮುಖ ಸಣ್ಣದಾಯಿತು. ಆದರೆ ಜಾಗ ಬಿಟ್ಟು ಕದಲಲಿಲ್ಲ.

ಬಲ್ಬ್ ಬದಲಾಯಿಸಿದ್ದಾಯಿತು. ಅವನು ಸೀಟಿನಲ್ಲಿ ಕೂತ. ಒರೆಸಿದ ಕನ್ನಡಿ ಈಗ ಫಳಫಳ ಅನ್ನುತ್ತಿತ್ತು.

"ಈಗ?" ಎಂದ.

ಅವಳು ದೀಪ ನೋಡುವ ಮೊದಲು ಅವನನ್ನು ನೋಡಿದಳು. ಅವನು ಕನ್ನಡಿಯ ಕಡೆ ಕಣ್ಣು ಹಾಯಿಸಿರಲಿಲ್ಲ. ಗೇಟಿನಾಚೆಯ ರಸ್ತೆಯನ್ನು ನೋಡುತ್ತ ಕಾಯುತ್ತಿದ್ದ.

"ಎರಡೂ ಬಂತು," ಎಂದಳು.

ಗಾಡಿ ಗೇಟು ದಾಟಿತು.

"ಚಹಾ ಆರ್ತಿದೆ ಬರ್ರೇ ಇಬ್ಬರೂ," ಎಂದು ಅತ್ತೆ ಒಳಗಿನಿಂದ ಕೂಗಿದರು. ದೊಡ್ಡವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹೋಗಿ ಮೊದಲು ನೋಡಿದ್ದು ಕೆನೆ ಯಾವ ಲೋಟದಲ್ಲಿದೆ ಎಂದೇ. ಎರಡರಲ್ಲೂ ಇತ್ತು. ಆದರೂ ಯಾವುದರಲ್ಲಿ ಹೆಚ್ಚು ಎಂದು ಬಗ್ಗಿ ನೋಡಿಯೇ ಒಂದನ್ನು ಎತ್ತಿಕೊಂಡಳು.